ಜಿರಳೆಯ ಕಾಲು, ನಮ್ಮ ತೋಳು



ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು ಐಸ್ ನೀರಿನಲ್ಲಿ ಮುಳುಗಿಸಿ ಮಂಕಾಗಿಸಿದ ಜಿರಳೆಯ ಒಂದು ಕಾಲು ಕತ್ತರಿಸಿದರು. ಅದಕ್ಕೆ ಎರಡು ಗುಂಡುಸೂಜಿ ಚುಚ್ಚಿ, ಆಂಪ್ಲಿಫೈಯರ್ ಮೂಲಕ ಅಂಗೈಯಗಲದ ಆರ್ಡುಯಿನೊಗೆ ಜೋಡಿಸಿದರು. ಕಾಲಿನ ಮುಳ್ಳು ಮುಟ್ಟಿದಾಗಲೆಲ್ಲ ಸ್ಪೀಕರಿನಲ್ಲಿ ಪಟಪಟ ಸದ್ದು. ನರಕೋಶದ ಒಂದು ಮಿಡಿತ ಸುಮಾರು ಒಂದು ಮಿಲಿಸೆಕೆಂಡ್. ಯಂತ್ರ ಸೆಕೆಂಡಿಗೆ ಸಾವಿರಾರು ಸಲ ಅಳೆದು ಅದನ್ನು ಅಂಕಿ ಮಾಡುತ್ತದೆ.

ಒಬ್ಬ ಹುಡುಗಿ ಕೇಳಿದಳು: "ಸಾರ್, ನೋಯಲ್ವಾ?"

"ಕತ್ತರಿಸಿದ ಕಾಲಿಗೆ ಏನು ನೋವಮ್ಮ?"

"ಕಾಲಿಗಲ್ಲ ಸಾರ್, ಜಿರಳೆಗೆ."

ಹಿಂದೆ ನಿಂತಿದ್ದ ಕನ್ನಡ ಮೇಷ್ಟ್ರಾದ ನನಗೂ ಉತ್ತರ ಹೊಳೆಯಲಿಲ್ಲ.

1932ರಲ್ಲಿ ನೊಬೆಲ್ ಪಡೆದ ಎಡ್ಗರ್ ಏಡ್ರಿಯನ್ ತೋರಿಸಿದ್ದು ಇದು: ಒತ್ತಡ ಹೆಚ್ಚಿದರೆ ನರದ ಮಿಡಿತ ದೊಡ್ಡದಾಗುವುದಿಲ್ಲ, ಬೇಗ ಬೇಗ ಬರುತ್ತದೆ. ಹಾಗಾಗಿ ಎಣಿಸಬಹುದು. ಆದರೆ ಎಣಿಕೆಯೇ ವೇದನೆಯಲ್ಲ. ನಮ್ಮ ಹಿರಿಯರ ನೋವು ಯಾರ ಲೆಕ್ಕಕ್ಕೂ ಸಿಗಲಿಲ್ಲ. ಲೆಕ್ಕಕ್ಕೆ ಸಿಗದ ನೋವು ಇಲ್ಲವೇ ಇಲ್ಲ ಎನ್ನುವ ಬಾಯಿ ನಮ್ಮದಾಗಬಾರದು.

'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಬಾಬಾಸಾಹೇಬರು ಕೊಲ್ಲುವ ಇಚ್ಛೆ ಬೇರೆ, ಕೊಲ್ಲುವ ಅಗತ್ಯ ಬೇರೆ ಎಂದು ವಿವರಿಸುತ್ತಾರೆ. ಮೇಷ್ಟ್ರಿಗೆ ಹಿಂಸೆಯ ಇಚ್ಛೆ ಇರಲಿಲ್ಲ. ಅಗತ್ಯ ಇತ್ತೇ? ಅದೇ ಯಂತ್ರಕ್ಕೆ ತೋಳಿನ ಮೇಲೆ ಅಂಟಿಸುವ ಪಟ್ಟಿ ಜೋಡಿಸಿ ಮುಷ್ಟಿ ಬಿಗಿದರೆ, ನಮ್ಮದೇ ಸ್ನಾಯುವಿನ ವಿದ್ಯುತ್ತು ಕೇಳಿಸುತ್ತದೆ. ಮರುವಾರ ಆ ಹುಡುಗಿಯೇ ತೋಳು ಚಾಚಿದಳು. ಪಾಠ ಎಲ್ಲೂ ಕಮ್ಮಿಯಾಗಲಿಲ್ಲ.

ಧಮ್ಮಬಂಧುಗಳೇ, 'ಅಗತ್ಯ' ಎಂದುಕೊಂಡು ನಾವು ಮಾಡುವ ಕೆಲಸಗಳಲ್ಲಿ ನಿಜವಾಗಿ ಅಗತ್ಯವಾದವು ಎಷ್ಟು? ಇಂದು ಒಂದನ್ನಾದರೂ ಕೇಳಿಕೊಳ್ಳೋಣ.