ಬಣ್ಣದ ಕೆಳಗಿನ ಸದ್ದು

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಮೀನಿಗೆ ಹೋಗುವಂತಿಲ್ಲ. ಮೀನು ಮರಿಮಾಡುವ ಕಾಲವೆಂದು ಕಡಲಿಗೆ ಕೊಟ್ಟ 61 ದಿನಗಳ ಬಿಡುವು ಅದು. ಆಗ ಮಲ್ಪೆಯಲ್ಲೋ ಗಂಗೊಳ್ಳಿಯಲ್ಲೋ ಬಂದರಿನತ್ತ ಹೋದರೆ, ವರ್ಷವಿಡೀ ನೀರಿನೊಳಗಿದ್ದ ಬೋಟಿನ ಹೊಟ್ಟೆ ಕಣ್ಣಿಗೆ ಬೀಳುತ್ತದೆ. ದಡಕ್ಕೆಳೆದ ಬೋಟುಗಳಿಗೆ ತೇಪೆ, ಉಜ್ಜಾಟ, ಬಣ್ಣ. ಹಳೆಯ ಬೋಟು ಕೊಳ್ಳಬೇಕೆನ್ನುವವರು ನೋಡಬೇಕಾದದ್ದು ಆ ಹೊಟ್ಟೆಯನ್ನೇ. ಅದೂ ಬಣ್ಣ ಬಳಿಯುವ ಮೊದಲು.

ಬಣ್ಣ ಬಿದ್ದ ಮೇಲೆ ಬೋಟಿನ ವಯಸ್ಸು ತಿಳಿಯುವುದಿಲ್ಲ. ಮರದ ಬೋಟಿಗೆ ಹಡಗುಹುಳುವಿನ ಕಾಟವಿದೆ. ಹೆಸರಿಗಷ್ಟೇ ಹುಳು, ನಿಜವಾಗಿ ಅದು ನಾವು ಸಾರಿಗೆ ಹಾಕುವ ಮರುವಾಯಿ ಎಂಬ ಚಿಪ್ಪುಜೀವಿಯ ದಾಯಾದಿ. ಮರಿಯಿದ್ದಾಗ ಸೂಜಿಮೊನೆಯಷ್ಟು ತೂತು ಕೊರೆದು ಒಳಸೇರುತ್ತದೆ. ಆಮೇಲೆ ಮರ ತಿನ್ನುತ್ತ ಒಳಗೊಳಗೇ ಬೆಳೆಯುತ್ತದೆ. ಹೊರಗಿನ ತೂತು ಮಾತ್ರ ಸಣ್ಣದಾಗಿಯೇ ಉಳಿಯುತ್ತದೆ. ಫೈಬರ್ ಬೋಟಾದರೆ ಹೊರಪದರದ ಅಡಿಗೆ ನೀರು ಸೇರಿ ಗುಳ್ಳೆ ಏಳುತ್ತದೆ. ಅದಕ್ಕೇ ಬಲ್ಲವರು ಕೊಳ್ಳುವ ಮುನ್ನ ಮರೀನ್ ಸರ್ವೇಯರನ್ನು ಕರೆಸುತ್ತಾರೆ. ಆತ ಸಣ್ಣ ಸುತ್ತಿಗೆ ಹಿಡಿದು ಗೇಣುಗೇಣಿಗೂ ತಟ್ಟುತ್ತಾನೆ. ಗಟ್ಟಿಯಿದ್ದಲ್ಲಿ ಠಣ್ ಎನ್ನುತ್ತದೆ, ಕೊಳೆತಲ್ಲಿ ಮಂಕು ಸದ್ದು. ತೇವ ಅಳೆಯುತ್ತಾನೆ, ಎಂಜಿನ್ ಆಯಿಲ್ ತೆಗೆದು ನೋಡುತ್ತಾನೆ, ಕೊನೆಗೆ ನೀರಿನಲ್ಲಿ ಓಡಿಸಿಯೂ ಪರೀಕ್ಷಿಸುತ್ತಾನೆ.

ಅವನಿಗೆ ಕೊಡುವ ಹಣ ಮಾತ್ರ ಮನಸ್ಸಿಗೆ ಭಾರ. ಎಲ್ಲ ಸರಿಯಿದೆ ಎಂದರೆ ಸುಮ್ಮನೆ ಖರ್ಚಾಯಿತೆನಿಸುತ್ತದೆ; ಬೇಡ ಎಂದರೆ ಬೋಟೂ ಇಲ್ಲ, ಹಣವೂ ಇಲ್ಲ. ಅಷ್ಟರಲ್ಲಾಗಲೇ ಮನಸ್ಸು ಬೋಟಿಗೊಂದು ಹೆಸರನ್ನೂ ಇಟ್ಟಿರುತ್ತದೆ. ಅಂಥ ಹೊತ್ತಿನಲ್ಲೇ, ಕೊಂಡರೂ ಬಿಟ್ಟರೂ ತನಗೆ ಒಂದೇ ಎನ್ನುವವನ ಕಿವಿ ನಮಗೆ ಬೇಕು. ಮಾರುವವರೇ ಗೊತ್ತುಮಾಡಿದ ಪರೀಕ್ಷಕ ಎಷ್ಟೇ ಸಜ್ಜನನಾಗಿರಲಿ, ಆ ತಾಟಸ್ಥ್ಯ ಅವನಿಗೆ ಕಷ್ಟ.

ನಮ್ಮಲ್ಲಿ ಹೆಚ್ಚಿನವರು ಬೋಟು ಕೊಳ್ಳುವವರಲ್ಲ, ನಿಜ. ಆದರೂ ಒಂದು ಮಾತು ಯೋಚಿಸಬೇಕು. ಬೋಟಿಗೆ ದುಡ್ಡು ಕೊಡುವವನು ಒಬ್ಬ; ಏರುವವರು ಏಳೆಂಟು ಮಂದಿ. ಬೋಟು ನಡೆಸುವ ತಂಡೇಲನಾಗಲಿ, ಬಲೆ ಎಳೆಯುವ ಹುಡುಗನಾಗಲಿ ವ್ಯಾಪಾರದ ದಿನ ಅಲ್ಲಿರುವುದಿಲ್ಲ. ಯಜಮಾನರು ನೋಡಿಯೇ ಕೊಂಡಿರುತ್ತಾರೆ ಎಂದು ನಂಬಿ ಕಡಲಿಗಿಳಿಯುತ್ತಾರೆ. ಹಾಗಾಗಿ ಸರ್ವೇಯರನ ಫೀಸನ್ನು ಜಾಣತನದ ಲೆಕ್ಕಕ್ಕೆ ಬರೆದರೆ ಸಾಲದು, ದಯೆಯ ಲೆಕ್ಕಕ್ಕೂ ಬರೆಯಬೇಕು. ನಾವು ಕೊಳ್ಳುವ ಹಳೆಯ ಸ್ಕೂಟರಿನ ಹಿಂದೆ ಮಗಳು ಕೂರುತ್ತಾಳೆ. ನಾವು ಬಾಡಿಗೆಗೆ ಕೊಟ್ಟ ಮನೆಯಲ್ಲಿ ಯಾರೋ ಒದ್ದೆ ಕೈಯಲ್ಲಿ ಸ್ವಿಚ್ ಒತ್ತುತ್ತಾರೆ. ಅವರ ಪರವಾಗಿ ಮೊದಲೇ ಒಮ್ಮೆ ತಟ್ಟಿ ನೋಡಬೇಕಾದವರು ನಾವೇ.