ಅಂಗಡಿಯ ಋಣ

ಮುಂಬಯಿಯಲ್ಲಿ ಲೋಕಲ್ ಎಂದರೆ ರೈಲು. ಊರಿನಿಂದ ಬಂದವರು ಇಲ್ಲಿ ಮೊದಲು ಕಲಿಯುವ ಶಬ್ದವೇ ಅದು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ರೈಲು 34 ಕಿಲೋಮೀಟರು ಓಡಿ ಠಾಣೆ ತಲಪಿತು. ಮರುವರ್ಷವೇ ಹಳಿ ಕಲ್ಯಾಣದವರೆಗೆ ಬಂತು. ನಾನಿರುವ ಡೊಂಬಿವಲಿ ಈ ಎರಡರ ನಡುವಿನದು. ಈಚೆಗೆ ಲೋಕಲ್ ಎಂಬ ಶಬ್ದಕ್ಕೆ ಬೇರೆ ಅರ್ಥಗಳೂ ಹತ್ತಿಕೊಂಡಿವೆ. ಲೋಕಲ್ ಅಂಗಡಿಯಿಂದಲೇ ತಗೊಳ್ಳಬೇಕು ಎನ್ನುತ್ತಾರೆ ಕೆಲವರು, ಅದೊಂದು ವ್ರತ ಎಂಬಂತೆ. ಅಯ್ಯೋ ಅದು ಲೋಕಲ್ ಮಾಲು ಎನ್ನುತ್ತಾರೆ ಇನ್ನು ಕೆಲವರು, ಮೂಗು ಮುರಿದು. ಒಂದೇ ಶಬ್ದದೊಳಗೆ ಪುಣ್ಯವೂ ಕಳಪೆಯೂ ಒಟ್ಟಿಗೆ ಸಂಸಾರ ಮಾಡಿಕೊಂಡಿರುವುದು ತಮಾಷೆ.

ನನ್ನ ಮಟ್ಟಿಗೆ ಈ ಚರ್ಚೆ ಎದ್ದದ್ದು ಕಾರು ತೊಳೆಯುವ ಸಾಮಾನಿನಿಂದ. ಅದಕ್ಕೆ ಇಷ್ಟೆಲ್ಲ ಯಾಕೆ ಮಾರಾಯ್ರೆ ಎಂದು ನೀವು ನಗಬಹುದು. ಊರಲ್ಲಾದರೆ ಬಾವಿಯಿಂದ ಎರಡು ಕೊಡಪಾನ ನೀರು, ಒಂದು ಹಳೇ ಪಂಚೆ ಇದ್ದರೆ ಕೆಲಸ ಮುಗಿಯಿತು. ಇಲ್ಲಿ ಹಾಗಲ್ಲ. ನಮ್ಮದು ಎಂ.ಐ.ಡಿ.ಸಿ.ಯ ಗಾಳಿ. 2014ರ ಜನವರಿಯಲ್ಲಿ ಡೊಂಬಿವಲಿಯಲ್ಲಿ ಹಸಿರು ಬಣ್ಣದ ಮಳೆ ಬಿತ್ತು, 2020ರ ಫೆಬ್ರವರಿಯಲ್ಲಿ ಕಾರ್ಖಾನೆಗಳ ನಡುವಿನ ಒಂದು ರಸ್ತೆ ಗುಲಾಬಿಯಾಯಿತು. ಇಂಥ ಆಕಾಶದ ಕೆಳಗೆ ನಿಂತ ಕಾರಿಗೆ ಪಂಚೆ ಸಾಲದು. ಮೇಲಿಂದ ಕಟ್ಟುವ ಬಿಲ್ಡಿಂಗುಗಳ ಸಿಮೆಂಟು, ಬೇಸಿಗೆಯಲ್ಲಿ ಟ್ಯಾಂಕರಿನ ಗಡಸು ನೀರು ಆರಿ ಉಳಿಯುವ ಬಿಳಿ ಚುಕ್ಕೆ. ಸ್ಟೇಶನ್ನಿನ ಪಕ್ಕ ಕಾರು ನಿಲ್ಲಿಸುವವರಿಗೆ ಇನ್ನೊಂದು ಉಡುಗೊರೆ ಇದೆ: ರೈಲಿನ ಬ್ರೇಕೂ ಹಳಿಯೂ ಉಜ್ಜಿ ಉದುರಿಸುವ ಕಬ್ಬಿಣದ ಪುಡಿ. ಅದು ಪೇಂಟಿನೊಳಗೆ ಕಚ್ಚಿಕೊಂಡು ತುಕ್ಕಾಗಿ ಸಣ್ಣ ಕಂದು ಚುಕ್ಕೆಯಾಗುತ್ತದೆ. ಅಂದರೆ ಲೋಕಲ್ಲು ನಮ್ಮನ್ನು ಹೊತ್ತುಕೊಂಡು ಹೋಗುವುದಲ್ಲದೆ ನಮ್ಮ ಕಾರಿನ ಮೇಲೆ ಸಹಿಯನ್ನೂ ಹಾಕಿ ಹೋಗುತ್ತದೆ.

ಇದನ್ನೆಲ್ಲ ನನಗೆ ಹೇಳಿಕೊಟ್ಟವನು ಮಾನಪಾಡಾ ರಸ್ತೆಯ ಕಡೆಯ ಒಬ್ಬ ಅಂಗಡಿಯವ. ಕಚ್ಛದವ, ಆದ್ದರಿಂದ ಎಲ್ಲರಿಗೂ ಸೇಠ್. ಅವನಿಗೆ ನಾನು ಅಣ್ಣಾ. ಮುಂಬಯಿಯಲ್ಲಿ ವಿಂಧ್ಯದ ಕೆಳಗಿನವರೆಲ್ಲ ಅಣ್ಣಾಗಳೇ. ಎಂಟಡಿ ಅಗಲದ ಅಂಗಡಿ, ಮೇಲಿನವರೆಗೆ ಶಾಂಪೂ, ಪಾಲಿಶ್, ಕಾಂಪೌಂಡು, ವ್ಯಾಕ್ಸ್, ಟೈರಿಗೆ ಹಚ್ಚುವ ಎಣ್ಣೆ. ಕೈಗೆ ತೆಳುವಾದ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ತೊಳೆದ ಬಾನೆಟಿನ ಮೇಲೆ ಸವರಿ ನೋಡಿ ಎಂದ ಒಮ್ಮೆ. ಬರಿಗೈಗೆ ನುಣುಪಾಗಿದ್ದದ್ದು ಚೀಲದ ಕೈಗೆ ಮರಳುಕಾಗದದಂತೆ ತರಿತರಿ. ಕಬ್ಬಿಣ ತೆಗೆಯುವ ದ್ರವವನ್ನು ಚಿಮುಕಿಸಿ ತೋರಿಸಿದ: ಕೊಳೆತ ಮೊಟ್ಟೆಯ ವಾಸನೆ, ಎರಡು ನಿಮಿಷದಲ್ಲಿ ಬಿಳಿ ಕಾರಿನಿಂದ ನೇರಳೆ ಬಣ್ಣದ ನೀರು ಇಳಿಯತೊಡಗಿತು. ಅದು ಸೋಪಿನ ಬಣ್ಣವಲ್ಲ, ಕಬ್ಬಿಣದ ಕಣ ಔಷಧಿಯೊಂದಿಗೆ ಕೂಡಿದಾಗ ಬರುವ ಬಣ್ಣ. ಪಾತ್ರೆ ತೊಳೆಯುವ ಸೋಪು ಹಾಕಿದರೆ ಹಚ್ಚಿದ ವ್ಯಾಕ್ಸೂ ಹೋಗುತ್ತದೆ, ಮೈಕ್ರೋಫೈಬರ್ ಬಟ್ಟೆಯನ್ನು ಕಂಫರ್ಟಿನಲ್ಲಿ ನೆನೆಸಿದರೆ ಅದು ನೀರು ಹೀರುವುದನ್ನೇ ಬಿಡುತ್ತದೆ, ಕೆಳಗೆ ಬಿದ್ದ ಬಟ್ಟೆಯನ್ನು ಮತ್ತೆ ಕಾರಿಗೆ ತಾಗಿಸಬಾರದು. ಹೀಗೆ ಒಂದು ಸಣ್ಣ ಶಾಲೆ.

ನನ್ನ ಮಗ ಐರೋಳಿಯ ಕಂಪೆನಿಯೊಂದರಲ್ಲಿದ್ದಾನೆ. ಡೊಂಬಿವಲಿ ಕರ್ನಾಟಕ ಸಂಘದ ಮಂಜುನಾಥ ವಿದ್ಯಾಲಯದಲ್ಲಿ ಓದಿದವ, ಲೆಕ್ಕದಲ್ಲಿ ಚುರುಕು. ಆ ನೇರಳೆ ಔಷಧಿಗೆ ಅಂಗಡಿಯಲ್ಲಿ 650 ರೂಪಾಯಿ, ಮೊಬೈಲಿನಲ್ಲಿ 480. "ಅಪ್ಪಾ, ಅಲ್ಲಿ ಕೇಳಿ ತಿಳ್ಕೊಂಡಾಯ್ತಲ್ಲ, ಇಲ್ಲಿ ತರಿಸುವ" ಎಂದ. ಅವನ ಪ್ರಕಾರ ಇದರಲ್ಲಿ ಯೋಚಿಸುವಂಥದ್ದು ಏನೂ ಇಲ್ಲ.

ನನಗೆ ಇದೆ ಎನಿಸಿತು. ಎಲ್ಲಿ ಅಗ್ಗವೋ ಅಲ್ಲಿ ಕೊಳ್ಳುವುದು ತಪ್ಪಲ್ಲ. ವ್ಯಾಪಾರ ದಾನವಲ್ಲ; ಸೇಠನ ಮನೆ ನಡೆಸುವ ಹೊಣೆ ನನ್ನ ತಲೆಯ ಮೇಲಿಲ್ಲ. ಆದರೆ ಮಗ ಕೇಳಿದ್ದು ಅಷ್ಟೇ ಅಲ್ಲ. ಒಬ್ಬನ ಹತ್ತಿರ ಕಲಿತು, ಕಲಿಸದ ಇನ್ನೊಬ್ಬನಿಗೆ ದಕ್ಷಿಣೆ ಕೊಡೋಣ ಎಂದು ಅವನು ಹೇಳಿದ್ದು. ಅದನ್ನೇ ಹೇಳಿದೆ.

ಅವನ ಉತ್ತರ ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. "ಅವ ಪ್ರೀತಿಗೆ ಹೇಳಿಕೊಟ್ಟದ್ದಲ್ಲ, ಮಾರಲಿಕ್ಕೆ ಹೇಳಿದ್ದು. ನೂರು ಜನಕ್ಕೆ ಹೇಳಿದರೆ ನಲವತ್ತು ಜನ ತಗೊಳ್ತಾರೆ ಅಂತ ಅವನಿಗೂ ಗೊತ್ತು. ಆ ಲೆಕ್ಕ ಹಾಕಿಯೇ ರೇಟು ಇಟ್ಟಿರ್ತಾನೆ. ನಾನು ಉಳಿದ ಅರುವತ್ತರಲ್ಲಿ ಒಬ್ಬ ಅಷ್ಟೆ."

ಎರಡು ದಿನ ಈ ಅರುವತ್ತು ಜನ ನನ್ನ ತಲೆಯಲ್ಲಿ ಓಡಾಡಿದರು. ಹೋಟೆಲಿನವರ ಪೈಕಿ ಹುಟ್ಟಿದವರಿಗೆ ಇದು ಹೊಸ ಸಂಗತಿಯಲ್ಲ. ನನ್ನ ಸೋದರಮಾವ ಮಾಟುಂಗದಲ್ಲಿ ಗಲ್ಲೆಯ ಮೇಲೆ ಕೂತವರು. ಅಲ್ಲಿಯ ಸ್ಟೇಶನ್ನಿನ ಹತ್ತಿರ ರಾಮನಾಯಕರು ಶ್ರೀಕೃಷ್ಣ ಬೋರ್ಡಿಂಗು ಶುರುಮಾಡಿದ್ದು 1942ರಲ್ಲಿ. ಆ ಕಾಲದ ಹೋಟೆಲುಗಳಲ್ಲಿ ಒಂದು ಚಾ ತೆಗೆದುಕೊಂಡು ಫ್ಯಾನಿನ ಕೆಳಗೆ ಒಂದು ತಾಸು ಪೇಪರು ಓದುವವರು ಇದ್ದೇ ಇದ್ದರು. ಮಾವ ಅವರನ್ನು ಎಬ್ಬಿಸುತ್ತಿರಲಿಲ್ಲ. ಅದು ಧಂದೆಯ ಸವಕಳಿ, ಇಡ್ಲಿಯ ರೇಟಿನಲ್ಲಿ ಅದೂ ಸೇರಿದೆ ಎನ್ನುತ್ತಿದ್ದರು. ಹಾಗಾದರೆ ಮಗನ ಮಾತೂ ಸರಿ ಎನ್ನಬೇಕೇ?

ಇಲ್ಲ ಎನಿಸುತ್ತದೆ ನನಗೆ. ಚಾ ಕುಡಿದವನಿಗೆ ಬೇಕಾದದ್ದು ಒಂದು ಚಾ, ಅದರ ದುಡ್ಡು ಅವನು ಕೊಟ್ಟ. ಅರುವತ್ತರಲ್ಲಿ ಹೆಚ್ಚಿನವರು ನೋಡಿ, ನಮಗೆ ಬೇಡ ಎಂದು ಹೋದವರು. ಬೇಕಾದವನು, ಆ ಪಾಠ ನಿಜವಾಗಿ ಉಪಯೋಗಕ್ಕೆ ಬಂದವನು, ಅವರ ಗುಂಪಿನಲ್ಲಿ ತಲೆ ತಗ್ಗಿಸಿ ನಿಂತರೆ ಲೆಕ್ಕ ತಪ್ಪುತ್ತದೆ. ಇನ್ನೂ ಒಂದು ಮಾತಿದೆ. ಪಾಠದ ಖರ್ಚು ಹೇಗೂ ರೇಟಿನಲ್ಲಿ ಸೇರಿದೆ ಎಂದಾದರೆ, ನಾನು ಕೊಡದ ಫೀಸನ್ನು ಕೊಡುವವರು ಉಳಿದ ನಲವತ್ತು ಜನ. ಅವರು ಯಾರು? ಬಾಡಿಗೆ ಗಾಡಿ ಓಡಿಸುವ ಡ್ರೈವರು, ನಮ್ಮ ಸೊಸೈಟಿಯಲ್ಲಿ ಬೆಳಗಿನ ಐದಕ್ಕೆ ಬಂದು ತಿಂಗಳ ಲೆಕ್ಕದಲ್ಲಿ ಕಾರು ತೊಳೆಯುವ ಹುಡುಗ. ಅವರಿಗೆ ಇವತ್ತೇ ಬೇಕು, ಅರ್ಧ ಲೀಟರಷ್ಟೇ ಬೇಕು, ಇವತ್ತಿನ ಕೂಲಿಯಲ್ಲೇ ಬೇಕು. ನನ್ನ 170 ರೂಪಾಯಿ ಉಳಿತಾಯದ ಒಂದು ಪಾಲು ಅವರ ಜೇಬಿನಿಂದ ಬಂದದ್ದು. ಸೇಠನಿಗೆ ಅನ್ಯಾಯವಾಗುತ್ತದೋ ಇಲ್ಲವೋ, ಈ ಹುಡುಗನಿಗೆ ಆಗುತ್ತದೆ. ಇದನ್ನು ಕೇಳಿ ಮಗ ಸ್ವಲ್ಪ ಹೊತ್ತು ಸುಮ್ಮನಾದ. ಆಮೇಲೆ, ವಿಡಿಯೋ ನೋಡಿ ಕಲಿತು ಆನ್‌ಲೈನಿನಲ್ಲಿ ತರಿಸಿದರೆ ಎಂದ. ಅದಕ್ಕೆ ನನ್ನ ತಕರಾರಿಲ್ಲ. ಸೇಠನ ಮೆಟ್ಟಿಲನ್ನೇ ಹತ್ತದವನಿಗೆ ಸೇಠನ ಋಣ ಎಲ್ಲಿಯದು?

ಇಲ್ಲಿಗೆ ಬಂದಾಗ ಕೆಲವರು 2005ರ ಜುಲೈ 26ನ್ನು ನೆನಪಿಸುತ್ತಾರೆ. ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರು ಮಳೆ ಬಿದ್ದ ದಿನ. ಕಲ್ಯಾಣ, ಡೊಂಬಿವಲಿಯೂ ಮುಳುಗಿದವು. ಆ ವಾರ ನಮ್ಮ ಗಲ್ಲಿಯ ಕಿರಾಣಿಯವ ಮೇಣದಬತ್ತಿ, ಅಕ್ಕಿ ಎಲ್ಲ ಬರೆದಿಟ್ಟುಕೊಳ್ಳದೆಯೇ ಕೊಟ್ಟದ್ದು ನಿಜ. ಆದರೆ ಅದು ಜೀನಸಿನ ಅಂಗಡಿಯವನ ಪುಣ್ಯ. ಕಾರಿನ ವ್ಯಾಕ್ಸು ಮಾರುವವನ ಖಾತೆಗೆ ಅದನ್ನು ಬರೆಯಲಾಗದು. ಹತ್ತಿರ ಇದ್ದ ಮಾತ್ರಕ್ಕೆ ಅಂಗಡಿಯವರೆಲ್ಲ ಸಜ್ಜನರಾಗುವುದಿಲ್ಲ. ಇದೇ ಸೇಠ್ ಚಕ್ರ ತೊಳೆಯುವ ಆಸಿಡ್ಡನ್ನು ದೊಡ್ಡ ಕ್ಯಾನಿನಿಂದ ಕುಡಿಯುವ ನೀರಿನ ಖಾಲಿ ಬಾಟಲಿಗೆ ಸುರಿದು ಮಾರುತ್ತಾನೆ. ಚೀಟಿ ಇಲ್ಲ, ತಾರೀಕಿಲ್ಲ, ಬಿಲ್ಲೂ ಇಲ್ಲ. ಮಕ್ಕಳಿರುವ ಮನೆಗೆ ಅಂಥ ಬಾಟಲಿ ಹೋಗುವುದು ನೆನೆದರೆ ಮೈ ಜುಂ ಎನ್ನುತ್ತದೆ. ಹೇಳಿದರೆ ನಗುತ್ತಾನೆ. ಅದನ್ನು ಮಾತ್ರ ನಾನು ಅವನಲ್ಲಿ ಕೊಳ್ಳುವುದಿಲ್ಲ. ಪೊಟ್ಟಣದ ಮೇಲೆ ಒಳಗೇನಿದೆ ಎಂದು ಬರೆದು ಕಳಿಸುವವನಲ್ಲಿ ಕೊಳ್ಳುತ್ತೇನೆ. ಹಾಗಂತ ಆ ಕಡೆ ಎಲ್ಲ ಚೊಕ್ಕ ಎಂದೂ ಅಲ್ಲ. ಒಮ್ಮೆ ನಕಲಿ ಪಾಲಿಶ್ ಬಂತು, ಸೀಲು ಒಡೆದ ಮೇಲೆ ವಾಪಸಿಲ್ಲ ಎಂದರು. ಜಗಳ ಮಾಡೋಣವೆಂದರೆ ಎದುರಿಗೆ ಮುಖವೇ ಇರಲಿಲ್ಲ.

ದೂರ ಎಂದು ನಾವು ತಿಳಿದದ್ದಾದರೂ ಎಷ್ಟು ದೂರ? ಮೊಬೈಲಿನಲ್ಲಿ ಒತ್ತಿದ ಸಾಮಾನು ಬಹಳ ಸಲ ನಮ್ಮಲ್ಲಿಗೆ ಬರುವುದು ಭಿವಂಡಿಯಿಂದ, ಕಲ್ಯಾಣದ ಹೊಳೆ ದಾಟಿದರೆ ಸಿಗುವ ಊರಿನಿಂದ. ಮಗ್ಗಗಳ ಊರು ಅದು. ಮುಂಬಯಿಯ ಗಡಿಯೊಳಗೆ ಮಾಲು ತಂದರೆ ಜಕಾತಿ ಕೊಡಬೇಕಿದ್ದ ಕಾಲದಲ್ಲಿ ವ್ಯಾಪಾರಿಗಳು ಗಡಿಯಾಚೆ ಅಲ್ಲಿ ಗೋದಾಮು ಕಟ್ಟಿದರು. 2017ರ ಜುಲೈಯಲ್ಲಿ ಜಿ.ಎಸ್.ಟಿ. ಬಂದು ಜಕಾತಿ ಹೋಯಿತು, ಗೋದಾಮುಗಳು ಹೋಗಲಿಲ್ಲ, ಇನ್ನೂ ಬೆಳೆದವು. ಅಲ್ಲಿ ಪೊಟ್ಟಣ ಕಟ್ಟುವವರಲ್ಲಿ ಕಲ್ಯಾಣದವರೂ ಇದ್ದಾರೆ. ಸೇಠನ ಅಂಗಡಿಯಲ್ಲಿರುವ ಡಬ್ಬಿಗಳಾದರೋ ಜರ್ಮನಿಯವು, ಅಮೆರಿಕದವು. 3ಎಂ ಎಂದು ಬರೆದದ್ದರ ಇಂಡಿಯಾದ ಮುಖ್ಯ ಕಚೇರಿ ನಿಮ್ಮ ಬೆಂಗಳೂರಿನಲ್ಲೇ ಇದೆ. ಇದರಲ್ಲಿ ಯಾವುದು ಲೋಕಲ್, ಯಾವುದು ಪರದೇಶಿ?

ಈ ಶಬ್ದದ ಬಗ್ಗೆ ನನಗೆ ಒಳಗೊಳಗೇ ಒಂದು ಅಂಜಿಕೆ ಇರುವುದೂ ನಿಜ. 1966ರಲ್ಲಿ ಶಿವಸೇನೆ ಹುಟ್ಟಿದ ಹೊಸದರಲ್ಲಿ, ಇಲ್ಲಿಯ ಕೆಲಸ ಇಲ್ಲಿಯವರಿಗೆ ಎಂಬ ಕೂಗು ಎದ್ದು ಉಡುಪಿ ಹೋಟೆಲುಗಳಿಗೆ ಕಲ್ಲು ಬಿತ್ತು. ಮಾವ ಆಗ ಬಾಗಿಲು ಅರ್ಧ ಎಳೆದುಕೊಂಡು ಕೂತವರು. ಅವರ ಗಲ್ಲೆ ಉಳಿದದ್ದು ಘೋಷಣೆಗಳಿಂದಲ್ಲ; ದಿನಾ ಬೆಳಿಗ್ಗೆ ಬರುತ್ತಿದ್ದ ಮರಾಠಿ ಗಿರಾಕಿಗಳು ಮರುದಿನವೂ ಬಂದು ಎಂದಿನ ಮೇಜಿಗೇ ಕೂತದ್ದರಿಂದ. ಅವರು ನೋಡಿದ್ದು ಇವನು ಎಲ್ಲಿಯವನು ಎಂದಲ್ಲ, ಇವನ ಕೈಯ ಚಾ ನಾವು ಕುಡಿದಿದ್ದೇವೆ ಎಂದು. ಕಚ್ಛದವನ ಅಂಗಡಿಗೆ ಉಡುಪಿಯವ ಹೋಗುವುದಕ್ಕೆ ಲೋಕಲ್ ಅಭಿಮಾನ ಎಂದು ಹೆಸರಿಡಲು ನನಗೆ ಬಾಯಿ ಬರುವುದಿಲ್ಲ. ಅವನು ನನಗೊಂದು ವಿಷಯ ಕಲಿಸಿದ್ದಾನೆ, ಅಷ್ಟು ಸಾಕು. ನೇರಳೆ ಔಷಧಿಯನ್ನು 650 ಕೊಟ್ಟು ಅವನಲ್ಲೇ ತಂದೆ. ಬಟ್ಟೆಗಳನ್ನು, ಬಾಲ್ದಿಯನ್ನು, ಬ್ರಶ್ಶನ್ನು ಮಗ ಮೊಬೈಲಿನಲ್ಲಿ ತರಿಸಿದ. ಇವಳು ಇಬ್ಬರನ್ನೂ ನೋಡಿ, ಕಾರು ತೊಳೆಯಲಿಕ್ಕೆ ಇಷ್ಟು ಧರ್ಮಶಾಸ್ತ್ರ ಬೇಕಾ ಎಂದಳು.

ಮೊನ್ನೆ ಹೋದಾಗ ಸೇಠನ ಅಂಗಡಿಯ ಹಿಂದಿನ ಅರ್ಧ ಖಾಲಿಯಾಗಿತ್ತು. ರಟ್ಟಿನ ಪೆಟ್ಟಿಗೆಗಳು, ಟೇಪು, ಚೀಟಿ ಮುದ್ರಿಸುವ ಸಣ್ಣ ಮೆಶೀನು. ಅವನ ಮಗ ಈಗ ಆನ್‌ಲೈನಿನಲ್ಲಿ ಮಾರುತ್ತಾನಂತೆ. ಕೌಂಟರಿನಲ್ಲಿ ದಿನಕ್ಕೆ ಹತ್ತು ಜನ ಬಂದರೆ ಒಳಗಿನಿಂದ ಮೂವತ್ತು ಪೊಟ್ಟಣ ಹೋಗುತ್ತವೆ ಎಂದ. ರೇಟು ಕೇಳಿದೆ; ಪೊಟ್ಟಣದಲ್ಲಿ ಹೋಗುವುದಕ್ಕೆ ನೂರು ರೂಪಾಯಿ ಕಮ್ಮಿ. ನನಗೂ ಆ ರೇಟೇ ಹಾಕಲೇ ಎಂದು ಕೇಳಿದ. ಬೇಡ ಎನ್ನಲಿಲ್ಲ.

ಕಟ್ಟಿಟ್ಟ ಪೊಟ್ಟಣಗಳಲ್ಲಿ ಒಂದನ್ನೆತ್ತಿ, "ಅಣ್ಣಾ, ಇದು ನಿಮ್ಮ ಗಾಂವ್ ಕಡೆಯದಲ್ಲವಾ?" ಎಂದು ನನ್ನ ಮುಂದೆ ಹಿಡಿದ. ಉಡುಪಿಯ ವಿಳಾಸ, 576101. ಅಲ್ಲಿ ಇದನ್ನೆಲ್ಲ ಮಾರುವ ಅಂಗಡಿ ಇಲ್ಲವೇ ಎಂದು ಕೇಳಿದ. ಇದೆ, ಎರಡು ಮೂರು ನಾನೇ ನೋಡಿದ್ದೇನೆ ಎಂದೆ. "ಪಾಪ" ಎಂದ ಸೇಠ್, ಯಾರಿಗೆಂದು ಹೇಳಲಿಲ್ಲ. ಹಲ್ಲಿನಿಂದ ಟೇಪು ಕತ್ತರಿಸಿ ಮುಂದಿನ ಪೆಟ್ಟಿಗೆಗೆ ಸುತ್ತತೊಡಗಿದ.