ಎಟುಕದ ದ್ರಾಕ್ಷಿ

ಎಟುಕದ ದ್ರಾಕ್ಷಿಯನ್ನು ಹುಳಿಯೆಂದು ಜರೆದು ಹೋದ ನರಿಯ ಕಥೆಯು ಬಾಲಪಾಠದಲ್ಲಿ ಬರುವುದಾದರೂ ಅದರೊಳಗಿನ ಪ್ರಶ್ನೆ ಬಾಲಕರದು ಮಾತ್ರವಲ್ಲ. ದೊರೆಯದ ವಸ್ತುವಿನ ಆಸೆಯನ್ನು ಬಿಡುವುದು ವಿವೇಕವೆಂದು ಹಿರಿಯರೆಲ್ಲರೂ ಹೇಳುತ್ತಾರೆ. ನರಿಯೂ ಆಸೆಯನ್ನು ಬಿಟ್ಟಿತು. ಹೀಗಿರಲು ನರಿಯು ನಗೆಪಾಟಲಾದುದೇಕೆ? ಇದ್ದುದರಲ್ಲಿ ತೃಪ್ತನಾದ ಬಡವನು ಗೌರವಾರ್ಹನಾದುದೇಕೆ? ಹೊರಗಿನಿಂದ ನೋಡಿದರೆ ಇಬ್ಬರ ನಡತೆಯೂ ಒಂದೇ. ಅಂತರವೆಲ್ಲಿದೆಯೆಂಬುದನ್ನು ವಿಚಾರಿಸುವುದಕ್ಕೆ ದ್ರಾಕ್ಷಿಯ ನಾಡೊಂದೇ ತಕ್ಕ ದೃಷ್ಟಾಂತವನ್ನು ಒದಗಿಸುತ್ತದೆ. ಮದ್ಯವನ್ನು ಮುಟ್ಟದ ವಾಚಕರೂ ಇದನ್ನು ದೃಷ್ಟಾಂತವೆಂದೇ ಗ್ರಹಿಸಬಹುದು. ಪಾನದ ಗುಣದೋಷ ವಿಚಾರವು ಇಲ್ಲಿ ಪ್ರಸ್ತುತವಲ್ಲ.

ಫ್ರಾನ್ಸ್ ದೇಶದ ಪೂರ್ವಭಾಗದಲ್ಲಿ ಬರ್ಗಂಡಿಯೆಂಬ ಪ್ರಾಂತವುಂಟು. ಅಲ್ಲಿ ದಿಜೋನ್ ನಗರದಿಂದ ದಕ್ಷಿಣಕ್ಕೆ, ಬೋನ್ ಪಟ್ಟಣವನ್ನು ದಾಟಿ, ಸುಮಾರು ೬೦ ಕಿಲೋಮೀಟರು ಹಬ್ಬಿರುವ ಇಳಿಜಾರಿಗೆ ಕೋಟ್ ದೋರ್ ಎಂದು ಹೆಸರು. ಅಲ್ಲಿಯ ಹೆಸರುವಾಸಿಯಾದ ಕೆಂಪು ವೈನು ಪಿನೋ ನ್ವಾರ್ ಎಂಬ ಒಂದೇ ತಳಿಯ ದ್ರಾಕ್ಷಿಯಿಂದಾಗುತ್ತದೆ. ಆ ತಳಿಯ ಮಾನವನ್ನು ಕಾಯುವುದಕ್ಕಾಗಿಯೇ ೧೩೯೫ರಲ್ಲಿ ಡ್ಯೂಕ್ ಫಿಲಿಪನು ಗಾಮೇ ಎಂಬ ಹುಲುಸಾದ ತಳಿಯನ್ನು ಕಿತ್ತೊಗೆಯಬೇಕೆಂದು ಆಜ್ಞೆ ಹೊರಡಿಸಿದನು. ೧೦೯೮ರಲ್ಲಿ ಸ್ಥಾಪಿತವಾದ ಸಿತೋ ಮಠದ ಸಂನ್ಯಾಸಿಗಳು ಶತಮಾನಗಳ ಕಾಲ ಇಲ್ಲಿ ತೋಟಮಾಡಿದರು. ಇಳಿಜಾರಿನ ನಡುಮೈಯಲ್ಲಿ ಬೆಳೆದ ಹಣ್ಣಿನ ರಸವು ಶ್ರೇಷ್ಠ. ಮೇಲ್ತುದಿಯ ತೆಳುಮಣ್ಣಿನದೂ ಬುಡದ ಒದ್ದೆ ಮಣ್ಣಿನದೂ ಅದಕ್ಕೆ ಕಡಮೆ. ಇಂಥ ಬಹುಕಾಲದ ಅನುಭವವೇ ಮುಂದೆ ನಿಬಂಧನೆಯಾಯಿತು. ೧೯೩೫ರ ಕಾನೂನಿನ ತರುವಾಯ ನಾಲ್ಕು ದರ್ಜೆಗಳು ಸ್ಥಿರಪಟ್ಟವು: ಪ್ರಾಂತದ ಹೆಸರಿನದು, ಗ್ರಾಮದ ಹೆಸರಿನದು, ಪ್ರೆಮಿಯೇ ಕ್ರೂ, ಎಲ್ಲಕ್ಕೂ ಮೇಲಿನ ಗ್ರಾಂ ಕ್ರೂ. ಒಟ್ಟು ಉತ್ಪತ್ತಿಯಲ್ಲಿ ಸುಮಾರು ಅರ್ಧವು ಮೊದಲನೆಯ ದರ್ಜೆಯದಾದರೆ ಕಡೆಯದು ನೂರಕ್ಕೆ ಒಂದೆರಡು ಪಾಲು ಮಾತ್ರ.

ಮೇಲಿನ ದರ್ಜೆಯ ಬೆಲೆಯನ್ನು ಕೇಳಿದರೆ ಎದೆ ಝಲ್ಲೆನ್ನುತ್ತದೆ. ರೊಮಾನೆ ಕೊಂತಿ ಎಂಬ ತೋಟದ ವಿಸ್ತಾರವು ೨ ಹೆಕ್ಟೇರನ್ನೂ ಮುಟ್ಟದು. ಅದರ ೧೯೪೫ನೆಯ ಬೆಳೆಯ ಒಂದೇ ಸೀಸೆಯು ೨೦೧೮ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ೫,೫೮,೦೦೦ ಡಾಲರುಗಳಿಗೆ ಬಿಕರಿಯಾಯಿತು. ಸಂಬಳವನ್ನೇ ನಂಬಿ ಬದುಕುವ ಒಬ್ಬನು ಹೊಸದಾಗಿ ಈ ರುಚಿಯನ್ನು ತಿಳಿಯಬೇಕೆಂದು ಅಂಗಡಿಗೆ ಹೋದರೆ ಅವನ ಗತಿಯೇನು?

ಬೆಲೆಯೇ ಗುಣದ ಗುರುತು, ಅಗ್ಗವಾದುದು ಗುಣಹೀನವೇ ಸರಿ ಎಂಬುದು ಲೋಕದ ಪೂರ್ವಪಕ್ಷ. ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ ಬೆಲೆಯಿಂದ ಗುಣವನ್ನು ಊಹಿಸುವುದು ಇದರ ಕ್ರಮ. ಆದರೆ ತರ್ಕಶಾಸ್ತ್ರವನ್ನೋದಿದವರಿಗೆ ಇಲ್ಲಿ ಎರಡು ದೋಷಗಳು ಕಾಣುತ್ತವೆ. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹೊಗೆಯೇಳಬೇಕಾದರೆ ಹಸಿಯ ಸೌದೆಯೂ ಕೂಡಬೇಕು, ಇದನ್ನೇ ಉಪಾಧಿಯೆನ್ನುತ್ತಾರೆ. ಹಾಗೆಯೇ ಗುಣವಿದ್ದಮಾತ್ರಕ್ಕೆ ಬೆಲೆ ಏರುವುದಿಲ್ಲ. ವಿರಳತೆಯೂ ಕೀರ್ತಿಯೂ ಎಂಬ ಹಸಿಸೌದೆ ಬೇಕು. ಆದುದರಿಂದ ಬೆಲೆಯಿಲ್ಲವೆಂದು ಗುಣವನ್ನು ಅಲ್ಲಗಳೆಯುವುದು ಸಲ್ಲದು. ಇನ್ನು ಮಂಜನ್ನು ನೋಡಿ ಹೊಗೆಯೆಂದು ಭ್ರಮಿಸುವವರೂ ಉಂಟು. ೨೦೦೮ರಲ್ಲಿ ನ್ಯೂಯಾರ್ಕಿನ ಹರಾಜೊಂದಕ್ಕೆ ಪೋನ್ಸೋ ಮನೆತನದ ಹೆಸರಿನಲ್ಲಿ ಕ್ಲೋ ಸೇಂ ದೆನಿ ತೋಟದ ಹಳೆಯ ಸೀಸೆಗಳು ಬಂದವು. ಕೆಲವುಗಳ ಮೇಲೆ ೧೯೪೫ ಎಂದು ಬರೆದಿತ್ತು. ಆ ಮನೆತನವು ಆ ತೋಟದ ವೈನನ್ನು ಮಾಡತೊಡಗಿದುದೇ ೧೯೮೦ರ ದಶಕದಲ್ಲಿ! ಮನೆಯ ಯಜಮಾನನು ತಾನೇ ಬಂದು ತಡೆಯದಿದ್ದರೆ ಧನಿಕರು ಮಂಜಿಗೆ ಹೊಗೆಯ ಬೆಲೆಯನ್ನು ತೆರುತ್ತಿದ್ದರು.

ಇದನ್ನು ಕೇಳಿ ನರಿಯು ಹಿಗ್ಗುತ್ತದೆ: "ಹಾಗಾದರೆ ಶ್ರೇಷ್ಠವೆಂಬುದೇ ಸುಳ್ಳು, ಎಲ್ಲವೂ ಹೆಸರಿನ ಮೋಹ." ಇದಕ್ಕೆ ಆಧಾರವೂ ಇಲ್ಲದಿಲ್ಲ. ೨೦೦೮ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ ಒಂದೇ ವೈನನ್ನು ಒಮ್ಮೆ ೧೦ ಡಾಲರಿನದೆಂದೂ ಇನ್ನೊಮ್ಮೆ ೯೦ ಡಾಲರಿನದೆಂದೂ ಹೇಳಿ ಕೊಟ್ಟರು. ಕುಡಿದವರಿಗೆ ಹೆಚ್ಚಿನ ಬೆಲೆ ಹೇಳಿದ್ದೇ ಹೆಚ್ಚು ರುಚಿಸಿತು. ಮೆದುಳಿನಲ್ಲಿ ಸುಖಾನುಭವಕ್ಕೆ ಸಂಬಂಧಿಸಿದ ಭಾಗವೂ ಹಾಗೆಯೇ ಸಾಕ್ಷಿ ನುಡಿಯಿತು. ಆದರೆ ಇದರಿಂದ ಸಿದ್ಧವಾಗುವುದು ಮನಸ್ಸಿನ ದೌರ್ಬಲ್ಯವೇ ಹೊರತು ವಸ್ತುಭೇದದ ಅಭಾವವಲ್ಲ. ಹಗ್ಗವನ್ನು ಹಾವೆಂದು ಭ್ರಮಿಸಿದವನಿದ್ದಾನೆಂದು ಲೋಕದಲ್ಲಿ ಹಾವೇ ಇಲ್ಲವೆನ್ನಲಾದೀತೆ? ನಡುಮೈಯ ತೋಟದ ಹಿರಿಮೆಯನ್ನು ಸಂನ್ಯಾಸಿಗಳು ಹರಾಜಿನ ಪಟ್ಟಿಯನ್ನು ನೋಡಿ ಕಲಿತುದಲ್ಲ.

ಹಾಗಾದರೆ ಹೊಸಬನು ಹಿಡಿಯತಕ್ಕ ದಾರಿ ಯಾವುದು? ಶ್ರೇಷ್ಠವು ಶ್ರೇಷ್ಠವೆಂದು ಒಪ್ಪಿಕೊಂಡು, ತನಗೆ ಎಟುಕುವಲ್ಲಿ ಗುಣವನ್ನು ಹುಡುಕುವುದು. ಕೋಟ್ ದೋರಿನ ದಕ್ಷಿಣಕ್ಕೆ ಮೆರ್ಕ್ಯೂರೇ, ಜಿವ್ರಿ, ರ್‍ಯೂಯಿ ಎಂಬ ಊರುಗಳಿವೆ. ಉತ್ತರದ ಕೊನೆಯಲ್ಲಿ ೧೯೮೭ರಲ್ಲಿ ತಾನೇ ಗ್ರಾಮಪದವಿಯನ್ನು ಪಡೆದ ಮಾರ್ಸನೇ ಇದೆ. ಬೋನಿನ ಪಕ್ಕದಲ್ಲಿ ಸವಿನ್ಯಿ, ಶೋರೇ; ಇಳಿಜಾರಿನ ತೆಂಕಣ ತುದಿಯಲ್ಲಿ ಮರಾಂಜ್. ತಳಿ ಅದೇ ಪಿನೋ ನ್ವಾರ್. ಬೆಲೆಯು ಕೀರ್ತಿವಂತ ನೆರೆಯೂರುಗಳದರಲ್ಲಿ ಒಂದಂಶ. ಇದಲ್ಲದೆ ದರ್ಜೆಗಿಂತ ತಯಾರಿಸಿದವನ ಹೆಸರು ದೊಡ್ಡದು. ಕ್ಲೋ ದ ವೂಜೋ ಎಂಬ ಗ್ರಾಂ ಕ್ರೂ ಸುಮಾರು ೫೦ ಹೆಕ್ಟೇರಿನ ತೋಟ. ಸುತ್ತಲೂ ಒಂದೇ ಗೋಡೆ, ಒಳಗೆ ಸುಮಾರು ೮೦ ಒಡೆಯರು. ದರ್ಜೆಯೊಂದೇ ಆದರೂ ಎಲ್ಲರ ಶ್ರದ್ಧೆಯೂ ಒಂದೇ ಎನ್ನುವಂತಿಲ್ಲ. ಅಲ್ಲಿಯ ಸೋಮಾರಿಯ ಸೀಸೆಗಿಂತ ಶ್ರದ್ಧಾವಂತನು ಮಾಡಿದ ಕೇವಲ ಪ್ರಾಂತದರ್ಜೆಯ ಬೂರ್ಗೋನ್ಯ್ ವೈನು ಹೆಚ್ಚು ಸವಿಯಾಗಿರಬಹುದು.

ದರ್ಜೆಯು ಕಾಗದದ ಮೇಲೆ ನಿಂತಿದೆ, ಪ್ರಕೃತಿಯು ನಿಂತಿಲ್ಲ. ಬೋನಿನಲ್ಲಿ ೧೩೫೪ರಿಂದಲೂ ದ್ರಾಕ್ಷಿಯ ಕೊಯ್ಲಿನ ದಿನಗಳ ಲೆಕ್ಕ ಸಿಕ್ಕುತ್ತದೆ. ೧೯೮೮ರಿಂದ ೨೦೧೮ರವರೆಗೆ ಕೊಯ್ಲು ಹಿಂದಿನ ಸರಾಸರಿಗಿಂತ ಸುಮಾರು ೧೩ ದಿನ ಮುಂಚಿತವಾಗಿ ಬಂದಿದೆ. ಹಿಂದೆ ಹಣ್ಣು ಸರಿಯಾಗಿ ಮಾಗದೆ ತಾತ್ಸಾರಕ್ಕೀಡಾಗಿದ್ದ ಎತ್ತರದ ತಂಪು ತೋಟಗಳಲ್ಲಿ ಈಗ ಚೆನ್ನಾಗಿ ಮಾಗುತ್ತದೆ. ಬಿಸಿಲು ಹಳೆಯ ಪಟ್ಟಿಯನ್ನು ಓದಿಕೊಂಡು ಬೀಳುವುದಿಲ್ಲ. ಹುಟ್ಟಿದ ಸ್ಥಾನದಿಂದಲೇ ಯೋಗ್ಯತೆಯನ್ನು ಎಂದೆಂದಿಗೂ ನಿಶ್ಚಯಿಸಿಬಿಡುವವರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಈಗ ಮೊದಲಿನ ಪ್ರಶ್ನೆಗೆ ಉತ್ತರ ದೊರೆಯುತ್ತದೆ. ನರಿಯ ತಪ್ಪು ದ್ರಾಕ್ಷಿಯನ್ನು ಬಿಟ್ಟುದಲ್ಲ, ಹುಳಿಯೆಂದು ಸುಳ್ಳಾಡಿದುದು. ತನ್ನ ಸೋಲನ್ನು ಮರೆಸಿಕೊಳ್ಳುವುದಕ್ಕಾಗಿ ಅದು ಹಣ್ಣಿನ ಸಿಹಿಯನ್ನೇ ಅಳಿಸಿಹಾಕಿತು. ಜಿವ್ರಿಯ ವೈನನ್ನು ಕುಡಿದು "ರೊಮಾನೆ ಕೊಂತಿಯಲ್ಲಿ ಏನೂ ಇಲ್ಲ" ಎನ್ನುವವನು ನರಿಯ ಕುಲದವನು. "ಅದು ಇನ್ನೂ ಹಿರಿದಾಗಿರಬಹುದು, ನನಗೆ ದೊರೆಯಲಿಲ್ಲ, ಇದೂ ನಿಜವಾಗಿ ಸವಿಯಾಗಿದೆ" ಎನ್ನುವವನು ತೃಪ್ತನು. ಒಬ್ಬನ ಸಮಾಧಾನವು ನಿಂದೆಯ ಮೇಲೆ ನಿಂತಿದೆ. ಇನ್ನೊಬ್ಬನದು ಸತ್ಯದ ಮೇಲೆ. ನಿಂದೆಯ ಮೇಲೆ ನಿಂತ ಸಮಾಧಾನಕ್ಕೆ ದಿನದಿನವೂ ಹೊಸ ನಿಂದೆಯ ಆಸರೆ ಬೇಕಾಗುತ್ತದೆ. ವಿದ್ಯೆ, ಪದವಿ, ಸಂಪತ್ತು, ಮಕ್ಕಳ ಭಾಗ್ಯ ಎಲ್ಲದರಲ್ಲಿಯೂ ಮನುಷ್ಯನಿಗೆ ಎಟುಕದ ಗೊಂಚಲು ಒಂದಿದ್ದೇ ಇರುತ್ತದೆ. ಅದನ್ನು ಸಿಹಿಯೆಂದು ಒಪ್ಪಿಯೂ ಕಹಿಯಾಗದೆ ಇರಬಲ್ಲ ಮನಸ್ಸಿಗೆ ಮಾತ್ರ ಸಂತೋಷವೆಂಬ ಮಾತು ಸಲ್ಲುತ್ತದೆ.